ಪಠ್ಯದ ಬಸವಣ್ಣ, ಊರಿನ ಬಸವಣ್ಣ

ಒಂಬತ್ತನೆಯ ತರಗತಿಯ ಸಮಾಜವಿಜ್ಞಾನ ಪಠ್ಯದಲ್ಲಿನ ಬಸವಣ್ಣನವರ ಪಾಠವು 2022ರಲ್ಲಿ ನಾಡಿನ ಚರ್ಚೆಗೆ ವಸ್ತುವಾಯಿತು. ಉಪನಯನ, ದೀಕ್ಷೆಗಳನ್ನು ಕುರಿತ ವಾಕ್ಯಗಳಿಗೆ ಮಠಾಧೀಶರು ಆಕ್ಷೇಪವೆತ್ತಿದರು. ಸರ್ಕಾರವು ತಿದ್ದುಪಡಿಗೆ ಒಪ್ಪಿತು. ಅದು ಆಗಬೇಕಾದುದೇ. ಆದರೆ ವಾಕ್ಯವನ್ನು ತಿದ್ದಿದ ಮಾತ್ರಕ್ಕೆ ಪಾಠ ತಿದ್ದಿದಂತಾಗದು. ದೋಷವು ರಚನಾಕ್ರಮದಲ್ಲಿಯೂ ಇದೆ.

ಶಂಕರ, ರಾಮಾನುಜ, ಮಧ್ವ, ಬಸವ ಈ ನಾಲ್ವರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದು ಶಾಲಾಪದ್ಧತಿ: ಜನ್ಮಸ್ಥಳ, ತಂದೆತಾಯಿ, ಸಿದ್ಧಾಂತ, ಕೃತಿ. 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಇದು ಅನುಕೂಲ. ಮೊದಲಿನ ಮೂವರು ಬ್ರಹ್ಮಸೂತ್ರಕ್ಕೆ ಸಂಸ್ಕೃತದಲ್ಲಿ ಭಾಷ್ಯ ಬರೆದ ಆಚಾರ್ಯರು. ಬಸವಣ್ಣನವರಾದರೋ ಕನ್ನಡದಲ್ಲಿ ವಚನ ನುಡಿದವರು. ಅವರ ಹೆಸರಿನ ಮುಂದೆ 'ಶಕ್ತಿವಿಶಿಷ್ಟಾದ್ವೈತ' ಎಂದು ಬರೆದರೆ ಅಂಕ ದೊರೆಯಬಹುದು. ಅದು ಮುಂದಿನ ಶಾಸ್ತ್ರಕಾರರ ಪರಿಭಾಷೆಯೆಂಬ ತಿಳಿವು ದೊರೆಯದು.

ಕುರುಗೋಡಿನ ವಿದ್ಯಾರ್ಥಿಯನ್ನು ಗಮನಿಸಬಹುದು. ಅವನ ಊರಿನ ದೊಡ್ಡಬಸವೇಶ್ವರ ಗುಡಿಯಲ್ಲಿರುವುದು ಬೃಹತ್ತಾದ ಏಕಶಿಲಾ ನಂದಿ. ಪಠ್ಯದ ಬಸವಣ್ಣನಾದರೋ ಹನ್ನೆರಡನೆಯ ಶತಮಾನದ ಕಲ್ಯಾಣದವನು. ಇಬ್ಬರಿಗೂ ಒಂದೇ ಹೆಸರು ಹೇಗೆ ಬಂದಿತು? 'ವೃಷಭ'ದ ತದ್ಭವ 'ಬಸವ'ವೆಂದೂ, ಬಸವಣ್ಣನವರನ್ನು ನಂದಿಯ ಅವತಾರವೆಂದು ಪುರಾಣಗಳು ಭಾವಿಸಿದುವೆಂದೂ ಎರಡು ವಾಕ್ಯ ಹೇಳಿದ್ದರೆ ಭಾಷೆ, ಭಕ್ತಿ, ಚರಿತ್ರೆ ಮೂರೂ ಒಮ್ಮೆಗೇ ತೆರೆದುಕೊಳ್ಳುತ್ತಿದ್ದುವು. ಸ್ಥಾವರಲಿಂಗದ ಗುಡಿಗಳ ನಡುವೆ ಬೆಳೆದ ಹುಡುಗನಿಗೆ ಇಷ್ಟಲಿಂಗದ ಅರ್ಥವೂ ಆಗಲೇ ಹೊಳೆಯುವುದು.

ಆಂಧ್ರದ ಗಡಿಗೆ ಹೊಂದಿದ ಸಿರುಗುಪ್ಪದಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಮಾತುಗಳು. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನೆಂಬ ಸಂಗತಿ ಅಲ್ಲಿಯ ಮಕ್ಕಳಿಗೆ ಮನೆಯ ಮಾತೇ ಆಗಬಲ್ಲುದು. ಪಠ್ಯದ ಅಚ್ಚಿನಲ್ಲಿ ಇದಕ್ಕೂ ಎಡೆಯಿಲ್ಲ.

ಲಿಂಗಾಯತವು ಹಿಂದೂ ಧರ್ಮದ ಅಂಗವೋ ಪ್ರತ್ಯೇಕ ಧರ್ಮವೋ ಎಂಬ ವಾದವೂ ಉಂಟು. 2018ರಲ್ಲಿ ರಾಜ್ಯ ಸರ್ಕಾರವು ಪ್ರತ್ಯೇಕ ಮಾನ್ಯತೆಗೆ ಶಿಫಾರಸು ಮಾಡಿತು. ಕೇಂದ್ರವು ಅದನ್ನು ಅಂಗೀಕರಿಸಲಿಲ್ಲ. ಇಂತಹ ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟು ಒಂದು ಪಕ್ಷವನ್ನೇ ಸರಿಯುತ್ತರವೆನ್ನುವುದು ವಿದ್ಯೆಯಲ್ಲ. ಎರಡು ಪಕ್ಷಗಳ ಆಧಾರಗಳನ್ನೂ ಮುಂದಿಟ್ಟು ವಿಚಾರಿಸಲು ಕಲಿಸಬೇಕು.

ಬಳ್ಳಾರಿಯ ಪರೀಕ್ಷಾ ಕೊಠಡಿಯಲ್ಲಿ ಕುಳಿತ ಮಗುವು ಉತ್ತರವನ್ನು ಬರೆದು ಮರೆಯಬಹುದು. ಆದರೆ ಊರ ಗುಡಿಯನ್ನೂ ಪುಸ್ತಕದ ಮಾತನ್ನೂ ಕೂಡಿಸಿ ಕೇಳಿದ ಪ್ರಶ್ನೆಯನ್ನು ಅದು ಮರೆಯದು. ಧರ್ಮವನ್ನು ಕುರಿತ ಪಾಠಕ್ಕೆ ಅದೇ ನಿಜವಾದ ಒರೆಗಲ್ಲು.