ಕ್ಷಕಿರಣಲೇಖವು ಚಿತ್ರವೇ?

ಕೊಪ್ಪಳದ ಗವಿಮಠದ ಅಶೋಕಶಾಸನಕ್ಕೆ ಕಾಗದವನ್ನೊತ್ತಿ ಪಡಿಯಚ್ಚು ತೆಗೆದರೆ, ಬಂಡೆಯಲ್ಲಿ ಅಕ್ಷರಗಳಿರುವ ಕ್ರಮವೇ ಕಾಗದದಲ್ಲಿಯೂ ಇರುತ್ತದೆ. ಹರಳುಗಳ ಕ್ಷಕಿರಣಲೇಖವನ್ನು ಕನ್ನಡದಲ್ಲಿ ವಿವರಿಸುವವರು ಅದನ್ನೂ ಇಂತಹುದೇ ಪಡಿಯಚ್ಚೆಂದು ಭಾವಿಸಿ ‘ಪರಮಾಣುಗಳ ಚಿತ್ರ’ ಎಂದು ಬರೆಯುವುದುಂಟು. ಈ ಮಾತು ಅಲಂಕಾರವಾಗಿ ಸೊಗಸಾದರೂ ಲಕ್ಷಣವಾಗಿ ಸದೋಷವಾದುದು.

1912ರಲ್ಲಿ ಲಾವೆಯ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಂಬವರು ಹರಳೊಂದರ ಮೂಲಕ ಕ್ಷಕಿರಣಗಳನ್ನು ಹಾಯಿಸಿದಾಗ ಫಲಕದಲ್ಲಿ ಮೂಡಿದ ಚುಕ್ಕೆಗಳು ಪರಮಾಣುಗಳಲ್ಲ. ಹರಳಿನ ಸಮಾನಾಂತರ ಪದರಗಳಿಂದ ಚೆದರಿದ ಅಲೆಗಳು ಪರಸ್ಪರ ಹೊಂದಿಕೊಂಡು ಬಲಗೊಂಡ ದಿಕ್ಕುಗಳ ಗುರುತುಗಳು. ಅಲೆಯುದ್ದವು ಒಂದೇ ಆಗಿರಲು, ಪದರಗಳ ಅಂತರ ಕಿರಿದಾದಷ್ಟೂ ಕೋನವು ಹಿರಿದಾಗುವುದೆಂಬುದೇ ಬ್ರಾಗ್ ನಿಯಮದ ಸಾರ. ಆದುದರಿಂದ ಲೇಖದ ಅಳತೆಯು ಹರಳಿನ ಅಳತೆಗೆ ವಿಲೋಮವಾಗಿರುತ್ತದೆ. ಇಂತಹುದು ಪಡಿಯಚ್ಚಾಗುವುದೆಂತು?

ಅಡಿಗೆಯ ಉಪ್ಪನ್ನೇ ತೆಗೆದುಕೊಳ್ಳೋಣ. ಅದರ ಪುಡಿಯ ಲೇಖದಲ್ಲಿ ಚುಕ್ಕೆಗಳಿಗೆ ಬದಲಾಗಿ ಬಾಗಿದ ಗೆರೆಗಳು ಮೂಡುತ್ತವೆ. ಕಿರಣವು ತಿರುಗಿದ ಕೋನದ ಅರ್ಧವನ್ನು ತೆಗೆದುಕೊಂಡು, ಅದರ ಸೈನಿನ ವರ್ಗವನ್ನು ಗೆರೆಗೆರೆಗೂ ಹೋಲಿಸಿದರೆ 3, 4, 8, 11, 12 ಎಂಬ ಪ್ರಮಾಣವು ದೊರೆಯುತ್ತದೆ. ಘನದ ಮೂಲೆಗಳಲ್ಲಿಯೂ ಮುಖಗಳ ನಡುವೆಯೂ ಬಿಂದುಗಳುಳ್ಳ ಜಾಲಕಕ್ಕೆ ಸಲ್ಲುವ ಶ್ರೇಣಿಯಿದು. ತಾಮ್ರದ ಕಿರಣದ ಅಲೆಯುದ್ದ 1.54 ಆಂಗ್‌ಸ್ಟ್ರಮ್, ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದೂವರೆ ಪಾಲು. ಎರಡನೆಯ ಗೆರೆಯ ಅರ್ಧಕೋನ 15.85 ಡಿಗ್ರಿ. ಇವುಗಳಿಂದ ಪದರಗಳ ಅಂತರ 2.82 ಎಂದೂ, ಘನದ ಅಂಚು ಅದರ ಇಮ್ಮಡಿ 5.64 ಎಂದೂ ತಿಳಿಯುತ್ತದೆ.

ಪೊಟ್ಯಾಸಿಯಂ ಕ್ಲೋರೈಡಿನದೂ ಇದೇ ರಚನೆ. ಆದರೆ ಅದರ ಲೇಖದಲ್ಲಿ 3 ಮತ್ತು 11ರ ಗೆರೆಗಳು ಇಲ್ಲವೆನ್ನುವಷ್ಟು ಕ್ಷೀಣ. ಉಳಿದ 4, 8, 12ನ್ನು 1, 2, 3 ಎಂದು ಓದಿದವನು 6.29ರ ಅಂಚನ್ನು ಅದರ ಅರ್ಧವೆಂದೇ ನಿರ್ಣಯಿಸಿಯಾನು! ಅಯಾನುಗಳೆರಡರಲ್ಲಿಯೂ 18 ಇಲೆಕ್ಟ್ರಾನುಗಳಿರುವುದರಿಂದ ಕ್ಷಕಿರಣಕ್ಕೆ ಅವುಗಳ ಭೇದವು ಬಹುಮಟ್ಟಿಗೆ ತೋರದು. 1913ರಲ್ಲಿ ಕಿರಿಯ ಬ್ರಾಗನು ಇಂತಹ ಲವಣಗಳನ್ನು ಒಂದಕ್ಕೊಂದು ಹೋಲಿಸಿಯೇ ರಚನೆಯನ್ನು ಬಿಡಿಸಿದನು. ಪಾಠಾಂತರಗಳನ್ನು ಕೂಡಿಸಿ ನೋಡುವ ಗ್ರಂಥಸಂಪಾದಕರಿಗೆ ಈ ವಿಧಾನ ಹೊಸದೆನಿಸದು.

ಗೆರೆಗಳ ಸ್ಥಾನದಿಂದ ತಿಳಿಯುವುದು ಜಾಲಕದ ಆಕಾರ ಮಾತ್ರ. ಅದರೊಳಗೆ ಪರಮಾಣುಗಳೆಲ್ಲಿವೆಯೆಂಬುದನ್ನು ಗೆರೆಗಳ ತೀವ್ರತೆಯಿಂದ ಊಹಿಸಬೇಕು. ಅಲೆಗಳ ಏರಿಳಿತಗಳ ಪರಸ್ಪರ ಸಂಬಂಧವು ಫಲಕದಲ್ಲಿ ದಾಖಲಾಗುವುದೇ ಇಲ್ಲ. ಕೊನೆಗೆ ದೊರೆಯುವ ಪರಮಾಣುಚಿತ್ರವು ಗಣಿತದಿಂದ ರಚಿತವಾದುದು.

‘ಸ್ಫಟಿಕ’ ಎಂಬ ಮಾತಿನಲ್ಲಿಯೂ ಇಂತಹುದೇ ತೊಡಕುಂಟು. ನಮ್ಮ ಹಳೆಯ ಬಳಕೆಯಲ್ಲಿ ಅದು ನಿರ್ಮಲವಾದ ಬೆಣಚುಕಲ್ಲು. ಆದಕಾರಣ ಓದುಗನು ಪಾರದರ್ಶಕತೆಯನ್ನು ನಿರೀಕ್ಷಿಸುತ್ತಾನೆ. ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟಿನ ಮಬ್ಬಾದ ಫೆಲ್ಡ್‌ಸ್ಪಾರು ಕ್ಷಕಿರಣಕ್ಕೆ ಸ್ಪಷ್ಟವಾದ ಗೆರೆಗಳನ್ನು ಕೊಡುತ್ತದೆ, ತಿಳಿಯಾದ ಗಾಜು ಕೊಡದು. ‘ಹರಳು’ ಎಂದರೆ ಸಾಕು. ಹರಳೆಣ್ಣೆಯ ನೆನಪಾಗುವುದೆಂದು ಆಕ್ಷೇಪಿಸುವವರು ಅಡಿಗೆಮನೆಯ ಹರಳುಪ್ಪನ್ನೂ ನೆನೆಯಲಿ.