ಸೂಪರ್‌ಮ್ಯಾನ್‌ಗೂ ಸುಸ್ತಾಗುತ್ತೆ

ಇಪ್ಪತ್ತೆಂಟು ನಿಮಿಷದ ಸಿನಿಮಾ. ಹೆಸರು ‘ಸೇಂಟ್ ಲೂಯಿಸ್ ಸೂಪರ್‌ಮ್ಯಾನ್’. 2020ರ ಆಸ್ಕರ್‌ಗೆ ಕಿರು ಸಾಕ್ಷ್ಯಚಿತ್ರಗಳ ಸಾಲಿನಲ್ಲಿ ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಬರಲಿಲ್ಲ. ನಿರ್ದೇಶಕರು ಇಬ್ಬರು: ಸಾಮಿ ಖಾನ್ ಮತ್ತು ಸ್ಮೃತಿ ಮುಂದ್ರಾ. ಸ್ಮೃತಿ ಅಂದ್ರೆ ‘ಬವಂಡರ್’ ಮಾಡಿದ್ದ ಜಗ್ ಮುಂದ್ರಾ ಅವರ ಮಗಳು. ಮುಂದೆ ‘ಇಂಡಿಯನ್ ಮ್ಯಾಚ್‌ಮೇಕಿಂಗ್’ ಅನ್ನೋ ವಧೂವರರ ತಮಾಷೆ ಶೋ ಮಾಡಿದ್ದೂ ಇವರೇ. ಎರಡೂ ಒಂದೇ ಕೈಯಿಂದ ಬಂದದ್ದು ಅಂದ್ರೆ ನಂಬೋದು ಸ್ವಲ್ಪ ಕಷ್ಟ. ಇರಲಿ.

ಕಥಾನಾಯಕ ಬ್ರೂಸ್ ಫ್ರಾಂಕ್ಸ್ ಜೂನಿಯರ್. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದವನು, ಬ್ಯಾಟಲ್ ರ‍್ಯಾಪರ್. 2014ರ ಆಗಸ್ಟ್ 9ರಂದು ಪಕ್ಕದ ಫರ್ಗುಸನ್ ಎಂಬ ಪುಟ್ಟ ಊರಿನಲ್ಲಿ ಮೈಕಲ್ ಬ್ರೌನ್ ಎಂಬ ಹದಿನೆಂಟರ ಹುಡುಗನನ್ನು ಪೊಲೀಸ್ ಅಧಿಕಾರಿಯೊಬ್ಬ ಗುಂಡಿಟ್ಟು ಕೊಂದ. ಹೆಣ ನಾಲ್ಕು ಗಂಟೆ ನಡುರಸ್ತೆಯಲ್ಲೇ ಬಿದ್ದಿತ್ತು. ಬೀದಿಗಿಳಿದ ಸಾವಿರಾರು ಜನರಲ್ಲಿ ಬ್ರೂಸ್ ಕೂಡ ಒಬ್ಬ.

ಆ ಸಿಟ್ಟು ಒಂದು ದಿನದ್ದಲ್ಲ. ಮರುವರ್ಷ ಅಮೆರಿಕದ ನ್ಯಾಯ ಇಲಾಖೆಯೇ ಫರ್ಗುಸನ್ ಪೊಲೀಸರ ಬಗ್ಗೆ ವರದಿ ಕೊಟ್ಟಿತು. ಊರಲ್ಲಿ ಕಪ್ಪು ಜನ ಶೇ. 67. ಪೊಲೀಸರು ತಡೆದ ವಾಹನಗಳಲ್ಲಿ ಅವರದು ಶೇ. 85, ಬಂಧನಗಳಲ್ಲಿ ಶೇ. 93. ದಂಡ ವಸೂಲಿ ಊರಿನ ಬೊಕ್ಕಸಕ್ಕೆ ಆದಾಯದ ದಾರಿಯಾಗಿಬಿಟ್ಟಿತ್ತು. ಪೊಲೀಸ್ ಅಂದ್ರೆ ಒಂಥರಾ ಬಂದೂಕು ಹಿಡಿದ ಕರವಸೂಲಿಯವನು. ಇದನ್ನು ನಾನಿಲ್ಲಿ ಬಿಡಿಸಿ ಹೇಳುತ್ತಿರೋದಕ್ಕೆ ಕಾರಣ ಇದೆ, ಸಿನಿಮಾ ಇದನ್ನು ಹೇಳೋದೇ ಇಲ್ಲ. ಆ ತಕರಾರಿಗೆ ಆಮೇಲೆ ಬರ್ತೀನಿ.

ಬ್ಯಾಟಲ್ ರ‍್ಯಾಪ್ ಅಂದ್ರೆ ಇಬ್ಬರು ಎದುರುಬದುರು ನಿಂತು ಮಾತಲ್ಲೇ ಹೊಡೆದಾಡೋದು. ಪ್ರಾಸ ಬೇಕು, ಲಯ ಬೇಕು, ಎದುರಾಳಿಯ ಮರ್ಯಾದೆ ಹರಾಜಾಗಬೇಕು, ಸುತ್ತ ನಿಂತ ಜನ ಹೋ ಅನ್ನಬೇಕು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು ಕೇಳಿದವರಿಗೆ ಈ ಕಾವು ಗೊತ್ತು. ಅಲ್ಲಿ ಡಪ್ಪು, ತುಂತುಣಿ ಇರುತ್ತೆ, ಇಲ್ಲಿ ಬಹಳ ಸಲ ವಾದ್ಯವೇ ಇರಲ್ಲ. ಈ ಆಟಕ್ಕೊಂದು ಹಳೇ ಪಟ್ಟು ಇದೆ: ನಿನ್ನ ಕುಂದನ್ನು ಎದುರಾಳಿ ಎತ್ತುವ ಮೊದಲೇ ನೀನೇ ಎತ್ತಿ ಹಾಡಿಬಿಡು, ಅವನ ಕೈ ಖಾಲಿಯಾಗುತ್ತೆ.

ಬ್ರೂಸ್ ಈ ಪಟ್ಟನ್ನು ಶಾಸನಸಭೆಗೆ ಒಯ್ದ. ಅಲ್ಲಿಗೆ ಹೋದ ಕಥೆಯೇ ಬೇರೊಂದು ಸಿನಿಮಾ ಆಗಬಹುದಿತ್ತು. 2016ರ ಪಕ್ಷದ ಒಳಚುನಾವಣೆಯಲ್ಲಿ 90 ಮತಗಳಿಂದ ಸೋತ. ಲಕೋಟೆ ಇಲ್ಲದ ಮತಪತ್ರಗಳನ್ನು ಎಣಿಸಿದ್ದಾರೆ ಅಂತ ಕೋರ್ಟಿಗೆ ಹೋದ. ಮರುಮತದಾನ ಆಯ್ತು, ಭಾರಿ ಅಂತರದಿಂದ ಗೆದ್ದ. 163 ಸದಸ್ಯರ ಆ ಸಭೆಯಲ್ಲಿ ರಿಪಬ್ಲಿಕನ್ನರದೇ ದೊಡ್ಡ ಬಹುಮತ. ಅವರ ಮುಂದೆ ಇವನು ಒಂದು ಮಸೂದೆ ಇಟ್ಟ: ಎಳೆಯರನ್ನು ಬಲಿ ತೆಗೆದುಕೊಳ್ಳುತ್ತಿರುವ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪಿಡುಗು ಎಂದು ಘೋಷಿಸಬೇಕು, ಜೂನ್ 7ನ್ನು ಕ್ರಿಸ್ಟೋಫರ್ ಹ್ಯಾರಿಸ್ ದಿನ ಎಂದು ಕರೆಯಬೇಕು. ಕ್ರಿಸ್ಟೋಫರ್ ಇವನ ಅಣ್ಣ. 1991ರಲ್ಲಿ, ಒಂಬತ್ತು ವರ್ಷದವನಿದ್ದಾಗ, ಗುಂಡಿನ ಜಗಳವೊಂದರಲ್ಲಿ ಯಾರೋ ಅವನನ್ನು ಗುರಾಣಿಯಂತೆ ಮುಂದೆ ಹಿಡಿದರು. ಸತ್ತ. ಬ್ರೂಸ್‌ಗೆ ಆಗ ಆರು ವರ್ಷ.

ಸಿನಿಮಾದ ಜೀವ ಇರೋದು ಇಲ್ಲೇ. ಸೂಟು ತೊಟ್ಟ ಬಿಳಿಯ ಶಾಸಕರಿಂದ ಮತ ಬೇಕಾದರೆ ಈತ ಸತ್ತ ಅಣ್ಣನನ್ನು ಮತ್ತೆ ಮತ್ತೆ ಅವರ ಮುಂದೆ ಮಲಗಿಸಬೇಕು. ಗಾಯ ತೋರಿಸಿದರೆ ಮಾತ್ರ ಕದ ತೆರೆಯುತ್ತೆ. ರ‍್ಯಾಪ್ ಕಣದಲ್ಲಿ ತನ್ನ ನೋವನ್ನು ತಾನೇ ಎತ್ತಿ ಹೇಳೋದು ಗೆಲ್ಲುವ ಉಪಾಯ, ಹೇಳೋದೂ ಬಿಡೋದೂ ಅವನ ಇಷ್ಟ. ಶಾಸನಸಭೆಯಲ್ಲಿ ಅದೇ ಪ್ರವೇಶ ಶುಲ್ಕ. ನಿರ್ದೇಶಕರು ಇದನ್ನು ವಿವರಿಸಲು ಹೋಗದೆ ಮುಖಗಳನ್ನು ತೋರಿಸಿ ಸುಮ್ಮನಾಗುತ್ತಾರೆ. ಪುಟ್ಟ ಮಗನ ಜೊತೆಗಿನ ದೃಶ್ಯಗಳಲ್ಲೂ ಅಷ್ಟೆ. ಆ ಮಗುವನ್ನು ಅಪ್ಪ ನೋಡುವ ನೋಟದಲ್ಲಿ ಹೆದರಿಕೆ ಎಷ್ಟು, ಪ್ರೀತಿ ಎಷ್ಟು ಅಂತ ಬಿಡಿಸಿ ಹೇಳಕ್ಕಾಗಲ್ಲ.

ಈಗ ತಕರಾರು. ಪೊಲೀಸರ ಗುಂಡಿನ ವಿರುದ್ಧ ಎದ್ದು ಬಂದ ಮನುಷ್ಯನ ಸಿನಿಮಾದಲ್ಲಿ ಪೊಲೀಸರೇ ಅಂಚಿಗೆ ಸರಿದುಬಿಟ್ಟಿದ್ದಾರೆ. ಬೀದಿ ಹೋರಾಟ ಇಲ್ಲಿ ಬಯೋಡೇಟಾದ ಒಂದು ಸಾಲು. ಎಳೆಯರ ಹಿಂಸೆಯ ಬಗ್ಗೆ ಮರುಗಲು ರಿಪಬ್ಲಿಕನ್ನರಿಗೂ ಕಷ್ಟವಿಲ್ಲ ನೋಡಿ. ಅದರಲ್ಲಿ ಸರ್ಕಾರದ ಕೈ ಕಾಣಿಸಲ್ಲ. ಅದೇ ಜಾಗದಲ್ಲಿ ಪೊಲೀಸರಿಗೆ ಕಡಿವಾಣ ಹಾಕುವ ಮಸೂದೆ ಇದ್ದಿದ್ದರೆ ಅದೇ ಮುಖಗಳು ಹೇಗಿರುತ್ತಿದ್ದವು? ಈ ಪ್ರಶ್ನೆ ಎದುರಿಗೇ ಕೂತಿದೆ, ಕ್ಯಾಮೆರಾ ಅತ್ತ ತಿರುಗಲ್ಲ. ಸಾಬಾ ಫೊಲಾಯನ್ ಮತ್ತು ಡೇಮನ್ ಡೇವಿಸ್ ಮಾಡಿದ ‘ಹೂಸ್ ಸ್ಟ್ರೀಟ್ಸ್?’ (2017) ನೋಡಿ, ಅದು ಫರ್ಗುಸನ್‌ನ ಬೀದಿಯಲ್ಲೇ ಅಶ್ರುವಾಯುವಿನ ನಡುವೆ ನಿಂತು ಮಾತಾಡುತ್ತೆ. ಒರಟಾಗಿದೆ, ಅಲ್ಲಲ್ಲಿ ಹರಿದುಹೋದ ಹಾಗಿದೆ, ಆದರೆ ಯಾರ ಕೈಯಲ್ಲಿ ಬಂದೂಕು ಇತ್ತು ಅನ್ನೋದನ್ನು ಒಂದು ಕ್ಷಣವೂ ಮರೆಯಲ್ಲ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಒಳ್ಳೇದು, ಮೊದಲು ಬೀದಿ, ಆಮೇಲೆ ಸಭೆ.

ಶೀರ್ಷಿಕೆಯ ಬಗ್ಗೆಯೂ ನನಗೆ ಮೊದಲು ಕಿರಿಕಿರಿ ಇತ್ತು. ಇನ್ನೊಬ್ಬ ಹೀರೋನಾ ಅಂತ. ಜನ ಅವನನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ, ಸರಿ. ಆದರೆ ಆ ಪ್ರೀತಿ ಹೆಗಲಿಗೆ ಎಷ್ಟು ಭಾರ ಅನ್ನೋದನ್ನು ಸಿನಿಮಾ ಗಮನಿಸಿದೆ. ಮಸೂದೆ ಪಾಸಾದಾಗಲೂ ಆ ಮುಖದಲ್ಲಿ ಬರೀ ಗೆಲುವಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಸಂಗೀತ ಏರಿಸಿ ಕೈ ಮುಗಿಯುತ್ತಿದ್ದರು.

ಸಿನಿಮಾ ಹಬ್ಬಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ 2019ರಲ್ಲೇ ಬ್ರೂಸ್ ಮಾನಸಿಕ ಆರೋಗ್ಯದ ಕಾರಣ ಕೊಟ್ಟು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟ. ಅದೇ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಗೆದ್ದವನು ರಶೀನ್ ಆಲ್ಡ್ರಿಜ್, ಅವನೂ ಫರ್ಗುಸನ್ ಬೀದಿಯಿಂದಲೇ ಬಂದವನು.