ಎಂಟು ಕಮಾನು, ಒಂದು ಅಳತೆ

ಪ್ಯಾರಾಮೆಟ್ರಿಕ್ ವಿನ್ಯಾಸದಲ್ಲಿ ಕಟ್ಟಡದ ಆಕಾರವನ್ನು ನೇರವಾಗಿ ಬರೆಯುವುದಿಲ್ಲ. ಆಕಾರ ಯಾವ ಸಂಬಂಧಗಳಿಂದ ಹುಟ್ಟುತ್ತದೆಯೋ ಆ ಸಂಬಂಧಗಳನ್ನು ಬರೆಯುತ್ತಾರೆ. ಪಡಸಾಲೆಯ ಅಗಲ ಇಷ್ಟಾದರೆ ತೊಲೆ ಎಷ್ಟು ದಪ್ಪ ಇರಬೇಕು, ತೊಲೆ ಅಷ್ಟಾದರೆ ಕಂಬ ಎಷ್ಟು, ಕಂಬ ಅಷ್ಟಾದರೆ ಕಿಟಕಿಗೆ ಉಳಿಯುವ ಜಾಗ ಎಷ್ಟು ಎಂಬ ಸರಪಳಿ ಅದು. ಮೊದಲ ಅಳತೆ ಬದಲಾದರೆ ಅದಕ್ಕೆ ಕಟ್ಟುಬಿದ್ದ ಅಳತೆಗಳೆಲ್ಲ ಬದಲಾಗುತ್ತವೆ. ಈ ಸರಪಳಿಯನ್ನು ಒಂದಾದ ಮೇಲೊಂದು ಬರುವ ಆಜ್ಞೆಗಳಾಗಿ ಬರೆದಿಟ್ಟರೆ ಅದು ಅಲ್ಗಾರಿದಮಿಕ್ ವಿನ್ಯಾಸ.

ಇದರ ಚರಿತ್ರೆಯನ್ನು ವಿದ್ಯಾರ್ಥಿಗಳಿಗೆ ಹೇಳುವ ಕ್ರಮ ಬಹುಮಟ್ಟಿಗೆ ಒಂದೇ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ರಚಿಸಿದ ಸ್ಕೆಚ್‌ಪ್ಯಾಡ್, 1988ರ ಪ್ರೊ ಎಂಜಿನಿಯರ್, 2007ರ ಸುಮಾರಿಗೆ ಡೇವಿಡ್ ರಟನ್ ಬರೆದ ಗ್ರಾಸ್‌ಹಾಪರ್ ಎಂಬ ಸಾಫ್ಟ್‌ವೇರುಗಳು, ಝಾಹಾ ಹದೀದ್ ಕಚೇರಿಯ ಬಾಗಿ ಬಳುಕುವ ಕಟ್ಟಡಗಳು, ಅದೇ ಕಚೇರಿಯ ಪ್ಯಾಟ್ರಿಕ್ ಶೂಮಾಕರ್ 2008ರಲ್ಲಿ ‘ಪ್ಯಾರಾಮೆಟ್ರಿಸಿಸಂ’ ಎಂದು ಹೆಸರಿಟ್ಟು ಸಾರಿದ ಹೊಸ ಶೈಲಿ. ಹೆಚ್ಚು ಓದಿದ ಗುರುಗಳಾದರೆ ನಡುವೆ ಗೌಡಿಯ ತೂಗುಸರಪಳಿಗಳನ್ನೂ ಫ್ರೈ ಓಟೊನ ಸಾಬೂನು ಪೊರೆಗಳನ್ನೂ, 1960ರಲ್ಲಿ ಮಿಲಾನಿನಲ್ಲಿ ಪ್ರದರ್ಶನವಾದ ಲುಯಿಜಿ ಮೊರೆಟ್ಟಿಯ ಕ್ರೀಡಾಂಗಣದ ಮಾದರಿಗಳನ್ನೂ ಸೇರಿಸುತ್ತಾರೆ. ಈ ಚರಿತ್ರೆಯಲ್ಲಿ ಸುಳ್ಳಿಲ್ಲ. ಆದರೆ ಇದರ ಬೆನ್ನಿಗೆ ಒಂದು ತೀರ್ಪು ಅಂಟಿಕೊಂಡು ಬಂದಿದೆ. ಪ್ಯಾರಾಮೆಟ್ರಿಕ್ ಚಿಂತನೆ ಕಂಪ್ಯೂಟರಿನ ಕೂಸು, ಅದಕ್ಕೂ ಮೊದಲಿನ ಕಟ್ಟುಗಾರರು ರೂಢಿಯಿಂದ, ಅಂದಾಜಿನಿಂದ ಕಟ್ಟಿದವರು ಎಂಬುದೇ ಆ ತೀರ್ಪು. ಅದನ್ನು ಒಪ್ಪಿದ ಪಠ್ಯಕ್ರಮದಲ್ಲಿ ಗೋಳಗುಮ್ಮಟ ಚರಿತ್ರೆಯ ಪತ್ರಿಕೆಗೆ ಹೋಗುತ್ತದೆ, ಗ್ರಾಸ್‌ಹಾಪರ್ ಕಂಪ್ಯೂಟರ್ ಲ್ಯಾಬಿಗೆ. ಎರಡಕ್ಕೂ ನಡುವೆ ಮಾತುಕತೆಯೇ ಇಲ್ಲ. ವಿಜಯಪುರದಲ್ಲೇ ಕುಳಿತು ಬಿ.ಆರ್ಕ್ ಓದುವ ವಿದ್ಯಾರ್ಥಿಯೂ ತನ್ನ ಮೊದಲ ಪ್ಯಾರಾಮೆಟ್ರಿಕ್ ಪಾಠಕ್ಕೆ ಬಾಕುವಿನ ಹೈದರ್ ಅಲಿಯೆವ್ ಕೇಂದ್ರದ ಚಿತ್ರವನ್ನು ನೋಡುತ್ತಾನೆ. ಕಿಟಕಿ ತೆರೆದರೆ ಕಾಣುವ ಗುಮ್ಮಟ ಉದಾಹರಣೆಯಾಗುವುದಿಲ್ಲ.

ಈ ತೀರ್ಪು ತಪ್ಪು. ಅದು ತಪ್ಪೆಂದು ತೋರಿಸಲು ಗೋಳಗುಮ್ಮಟದ ಮೂಲೆಗಳೇ ಸಾಕು.

ಗೋಳಗುಮ್ಮಟಕ್ಕೆ ಬರುವವರು ಏಳಂತಸ್ತಿನ ಮೆಟ್ಟಿಲು ಹತ್ತಿ, ಮಾರ್ದನಿಯ ಮೊಗಸಾಲೆಯಲ್ಲಿ ಕೂಗಿ, ಚಪ್ಪಾಳೆ ತಟ್ಟಿ ಇಳಿಯುತ್ತಾರೆ. ಕಟ್ಟಡದ ನಿಜವಾದ ಬುದ್ಧಿ ಇರುವುದು ಆ ಮೊಗಸಾಲೆಯ ಕೆಳಗೆ, ಚೌಕ ಹಜಾರ ದುಂಡು ಗುಮ್ಮಟವಾಗಿ ಮಾರ್ಪಡುವ ಎಡೆಯಲ್ಲಿ. ಮುಹಮ್ಮದ್ ಆದಿಲ್ ಶಾಹನ (1627–1656) ಈ ಸಮಾಧಿಯ ಒಳಹಜಾರ ಪ್ರತಿ ಬದಿಗೆ 135 ಅಡಿ 5 ಅಂಗುಲ. ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ, ಹೊರವ್ಯಾಸ 144 ಅಡಿ. ಒಂದೇ ಗುಮ್ಮಟದಡಿ ಮುಚ್ಚಿದ ನೆಲ ಹದಿನೆಂಟು ಸಾವಿರ ಚದರಡಿಗೂ ಮಿಗಿಲು. ರೋಮಿನ ಪ್ಯಾಂಥಿಯಾನಿನಲ್ಲಿ ಅದು 15,833. ಈ ಲೆಕ್ಕಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್, ಆ ಮೇಲೆ 1916ರ ತನ್ನ ಬೃಹತ್ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಬರೆದಿಟ್ಟಿದ್ದಾರೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಎಲ್ಲ ನಾಡಿನ ಕಟ್ಟುಗಾರರನ್ನೂ ಕಾಡಿದ ಕಷ್ಟ. ಬೈಜಾಂಟಿಯಮ್ಮಿನವರು ಮೂಲೆಗಳನ್ನು ತ್ರಿಕೋನದ ಬಾಗಿದ ಗೋಡೆಗಳಿಂದ ತುಂಬಿದರು, ಇರಾನಿನವರು ಮೂಲೆಗೆ ಅಡ್ಡಲಾಗಿ ಕಿರುಕಮಾನು ಹಾಕಿದರು. ವಿಜಯಪುರದವರು ಹಿಡಿದ ದಾರಿ ಬೇರೆ.

ಆ ದಾರಿಯನ್ನು ಕಾಗದದ ಮೇಲೆ ಹೀಗೆ ಬರೆಯಬಹುದು. ಒಂದು ಚೌಕ ಎಳೆಯಿರಿ. ಪ್ರತಿ ಮೂಲೆಯಿಂದ ಎರಡೂ ಕಡೆಗೆ, ಬದಿಯ ಉದ್ದದ 0.293 ಭಾಗದಷ್ಟು ದೂರದಲ್ಲಿ ಒಂದೊಂದು ಗುರುತು ಹಾಕಿ. ಒಟ್ಟು ಎಂಟು ಗುರುತುಗಳಾಗುತ್ತವೆ. ಅವುಗಳನ್ನು ಸಾಲಾಗಿ ಸೇರಿಸಿದರೆ ಸಮ ಅಷ್ಟಕೋನ. ಸಾಲಾಗಿ ಸೇರಿಸದೆ ಒಂದು ಬಿಟ್ಟು ಒಂದನ್ನು ಸೇರಿಸಿದರೆ ಎರಡು ಚೌಕಗಳು, ಒಂದು ಇನ್ನೊಂದಕ್ಕೆ 45 ಡಿಗ್ರಿ ತಿರುಗಿದಂತೆ. ಆ ಎರಡು ಚೌಕಗಳ ಎಂಟು ಬದಿಗಳ ಮೇಲೆ ಎಂಟು ಕಮಾನುಗಳನ್ನು ಎತ್ತಿ. ಕಮಾನುಗಳು ಒಂದನ್ನೊಂದು ಛೇದಿಸುತ್ತ ಮೇಲೇರಿ ನಡುವೆ ಚಿಕ್ಕ ಅಷ್ಟಕೋನದ ತೆರಪನ್ನು ಬಿಡುತ್ತವೆ. ಅಷ್ಟಕೋನವನ್ನು ವೃತ್ತವಾಗಿಸುವುದು ಆಮೇಲೆ ಕಷ್ಟದ ಕೆಲಸವಲ್ಲ.

ಈಗ ಅಳತೆಗಳ ನಂಟನ್ನು ನೋಡಬೇಕು. ಒಳಚೌಕದ ಬದಿ ಹಜಾರದ ಬದಿಯ 0.765 ಪಾಲು. ಚೌಕದ ಬದಿಯೂ ಅದರೊಳಗೆ ಹಿಡಿಸುವ ವೃತ್ತದ ವ್ಯಾಸವೂ ಒಂದೇ ಆದ್ದರಿಂದ, ಕಮಾನಿನ ಹರವು ಎಷ್ಟೋ ಮೇಲಿನ ತೆರಪಿನ ಹರವೂ ಅಷ್ಟೇ. 135 ಅಡಿ 5 ಅಂಗುಲಕ್ಕೆ ಲೆಕ್ಕ ಹಾಕಿದರೆ ಸುಮಾರು 103 ಅಡಿ ಏಳೂವರೆ ಅಂಗುಲ ಬರುತ್ತದೆ. ಕಟ್ಟಡದಲ್ಲಿ ಫರ್ಗುಸನ್ ಅಳೆದ ತೆರಪು 97 ಅಡಿ. ಉಳಿದ ಆರೂವರೆ ಅಡಿ ಎರಡೂ ಬದಿ ಹಂಚಿಹೋಗಿ, ಒಳಕ್ಕೆ ಚಾಚಿದ ಕಲ್ಲಿನ ಅಂಚಾಗಿದೆ. ಗುಮ್ಮಟ ಕುಳಿತಿರುವುದು ಈ ತೆರಪಿನ ಅಂಚಿನ ಮೇಲಲ್ಲ, ಅದರಿಂದ ಹಿಂದಕ್ಕೆ ಸರಿದು. ಆ ಹಿಂಜಾಗವೇ ಮೊಗಸಾಲೆ. ಗುಮ್ಮಟದ ಬುಡದ ದಪ್ಪ ಸುಮಾರು 10 ಅಡಿ. ಹಜಾರದ ಬದಿಗಳ ನಡುಭಾಗದಲ್ಲಿ ಆ ದಪ್ಪದ ಸರಿಸುಮಾರು ಅರ್ಧ ಹೊರಗೋಡೆಯ ಮೇಲೆ ಬೀಳುತ್ತದೆ, ಇನ್ನರ್ಧ ಒಳಚಾಚಿನ ಮೇಲೆ. ಗುಮ್ಮಟ ತನ್ನ ಭಾರದಿಂದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ತೂಗುಬಿದ್ದ ಆ ಭಾರೀ ಕಟ್ಟಡ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಎರಡು ಬಲಗಳು ಒಂದನ್ನೊಂದು ಹಿಡಿದು ನಿಲ್ಲಿಸಿವೆ ಎಂಬ ಫರ್ಗುಸನ್ನನ ವಿವರಣೆಗಿಂತ ಚೆನ್ನಾದ ವಿವರಣೆ ಇನ್ನೂ ಬಂದಿಲ್ಲ.

ಹಜಾರದ ಬದಿ ಎಂಬ ಒಂದು ಅಳತೆಯಿಂದ ಕಮಾನಿನ ಹರವು, ತೆರಪು, ಮೊಗಸಾಲೆ, ಗುಮ್ಮಟದ ಜಾಗ ಎಲ್ಲವೂ ಇಳಿದು ಬರುತ್ತವೆ. ಒಂದು ಬದಲಾದರೆ ಎಲ್ಲವೂ ಬದಲಾಗಬೇಕು. ಪ್ಯಾರಾಮೆಟ್ರಿಕ್ ಎಂಬ ಮಾತಿಗೆ ಇದಕ್ಕಿಂತ ಶುದ್ಧವಾದ ಅರ್ಥ ಯಾವ ಸಾಫ್ಟ್‌ವೇರಿನ ಕೈಪಿಡಿಯಲ್ಲೂ ಇಲ್ಲ.

ಇದಕ್ಕೆ ಬರುವ ಆಕ್ಷೇಪ ಗೊತ್ತಿರುವಂಥದೇ: ಕಲ್ಲು ಬದಲಾಗುವುದಿಲ್ಲ, ಒಂದು ಸಲ ಕಟ್ಟಿದ್ದು ಒಂದೇ ಉತ್ತರ, ಹಾಗಿದ್ದ ಮೇಲೆ ಅದನ್ನು ಪ್ಯಾರಾಮೆಟ್ರಿಕ್ ಎನ್ನುವುದು ಅಭಿಮಾನದ ಮಾತು. ಆಕ್ಷೇಪಕ್ಕೆ ಉತ್ತರ ಅದೇ ಊರಿನಲ್ಲಿದೆ. ಒಂದನೆಯ ಅಲಿ ಆದಿಲ್ ಶಾಹನ (1558–1580) ಕಾಲದ ಜಾಮಿಯಾ ಮಸೀದಿಯಲ್ಲಿ ಒಂಬತ್ತು ಅಂಕಣಗಳಷ್ಟು ಜಾಗವನ್ನು ನಡುವೆ ತೆರೆದು, ಅದರ ಮೇಲೆ ಇದೇ ಛೇದಿಸುವ ಕಮಾನುಗಳ ನಿಯಮದಿಂದ ಗುಮ್ಮಟ ಎತ್ತಿದ್ದಾರೆ. ಅದರ ವ್ಯಾಸ ಸುಮಾರು 57 ಅಡಿ. ಮುಕ್ಕಾಲು ಶತಮಾನದ ಒಳಗೆ ಅದೇ ನಿಯಮಕ್ಕೆ ಎರಡು ಪಟ್ಟಿಗೂ ಹೆಚ್ಚಿನ ಅಳತೆ ಕೊಟ್ಟರು, ಗೋಳಗುಮ್ಮಟವಾಯಿತು. ನಿಯಮ ಒಂದು, ಅಳತೆ ಬೇರೆ, ಕಟ್ಟಡ ಬೇರೆ. ವಿದ್ಯಾರ್ಥಿ ಪರದೆಯ ಮೇಲೆ ಸ್ಲೈಡರ್ ಎಳೆದು ಅರೆಕ್ಷಣದಲ್ಲಿ ಮಾಡುವುದನ್ನು ಒಂದು ಪರಂಪರೆ ಎರಡು ಮೂರು ತಲೆಮಾರುಗಳಲ್ಲಿ, ತಪ್ಪಿದರೆ ಜೀವ ಹೋಗುವ ಎತ್ತರದಲ್ಲಿ ಮಾಡಿತು.

ತಿರುಗುವ ಚೌಕ ಈ ನಾಡಿಗೆ ಆದಿಲ್ ಶಾಹಿಗಳ ಕಾಲದಲ್ಲಿ ಮೊದಲು ಬಂದದ್ದೂ ಅಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಒಂದೇ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸಿ ಆರು ಸಲ ಬರೆದರೆ ಆ 24 ಮೂಲೆಗಳು ಸಿಗುತ್ತವೆ. ಎರಡಕ್ಕೂ ವಂಶದ ನಂಟು ಹುಡುಕಬೇಕಾದ್ದಿಲ್ಲ. ಡಂಬಳದವರು ಚೌಕವನ್ನು ನೆಲದ ಮೇಲೆ ತಿರುಗಿಸಿದರು, ವಿಜಯಪುರದವರು ಗಾಳಿಯಲ್ಲಿ.

ಶೂಮಾಕರ್‌ನ ಪಂಥವನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಅದರ ಕೊರತೆ ಬಯಲಾಗುತ್ತದೆ. ಆ ಪಂಥ ನಿಯಮಗಳನ್ನೂ ನಿಷೇಧಗಳನ್ನೂ ಪಟ್ಟಿ ಮಾಡಿತು: ಚೌಕ, ವೃತ್ತ, ನೇರ ಗೆರೆಯಂಥ ಗಟ್ಟಿ ಆಕೃತಿಗಳು ಬೇಡ, ಒಂದೇ ಅಂಗದ ಪುನರಾವರ್ತನೆ ಬೇಡ, ಎಲ್ಲವೂ ಮೆಲ್ಲಗೆ ಒಂದು ಇನ್ನೊಂದಾಗಿ ಹರಿಯಬೇಕು. ಸಂಬಂಧಗಳ ವಿದ್ಯೆಯೊಂದು ಅಲ್ಲಿಗೆ ಮೈಬಳುಕಿನ ಅಭಿರುಚಿಯಾಯಿತು. ಆ ಶಾಸನದ ಪ್ರಕಾರ ಗೋಳಗುಮ್ಮಟ ಅನುತ್ತೀರ್ಣ, ಏಕೆಂದರೆ ಅದು ಶುದ್ಧ ಚೌಕದ ಮೇಲೆ ಶುದ್ಧ ಅರ್ಧಗೋಳ. ಆದರೆ ಬಳುಕುವ ಮೈಯ ಎಷ್ಟೋ ಕಟ್ಟಡಗಳಲ್ಲಿ ಮೈ ಒಂದು, ಮೂಳೆ ಇನ್ನೊಂದು. ಹೊರಗಿನ ಹೊದಿಕೆ ಒಂದು ಲೆಕ್ಕದಿಂದ ಹುಟ್ಟುತ್ತದೆ, ಅದನ್ನು ಹೊರುವ ಉಕ್ಕಿನ ಜಾಲ ಆಮೇಲೆ ಎಂಜಿನಿಯರ್ ಕೈಯಲ್ಲಿ ಹುಟ್ಟುತ್ತದೆ. ಗೋಳಗುಮ್ಮಟದಲ್ಲಿ ಹೊರುವುದೂ ಕಾಣುವುದೂ ಒಂದೇ. ಕಟ್ಟಿದ ರೀತಿಯೂ ಆ ಲೆಕ್ಕಕ್ಕೆ ಸೇರಿದೆ: ಅಡ್ಡ ವರಸೆಗಳಲ್ಲಿ ಇಟ್ಟಂಗಿ, ನಡುನಡುವೆ ದಪ್ಪನೆಯ ಗಚ್ಚು, ಒಣಗಿದ ಮೇಲೆ ಒಂದೇ ಚಿಪ್ಪಿನಂತೆ ಗಟ್ಟಿ. ಗಚ್ಚು ಬಿಗಿಯುವ ಹೊತ್ತು, ಗೌಂಡಿ ಒಂದು ದಿನಕ್ಕೆ ಏರಿಸಬಲ್ಲ ವರಸೆ, ಇವೂ ಅಳತೆಗಳೇ. ಭಾರಕ್ಕೂ ಸಾಮಗ್ರಿಗೂ ಕೈಕೆಲಸಕ್ಕೂ ಕಟ್ಟುಬೀಳದ ಅಂಕಿ ವಿನ್ಯಾಸದ ನಿಯತಾಂಕವಲ್ಲ. ಅದು ಬರೀ ತಿರುಗಿಸುವ ಗುಂಡಿ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಗ್ರಾಸ್‌ಹಾಪರಿನ ವೈರುಗಳನ್ನು ಜೋಡಿಸುವುದು ಕೆಲವು ವಾರಗಳ ಅಭ್ಯಾಸ. ಪಟ್ಟಿಗಳನ್ನು ಪಟ್ಟಿಗಳಿಗೆ ಹೊಂದಿಸುವುದು, ಕವಲೊಡೆದ ದತ್ತಾಂಶವನ್ನು ಕಳೆದುಕೊಳ್ಳದೆ ಹಿಡಿಯುವುದು ಇನ್ನಷ್ಟು ದಿನ ಕಾಡುತ್ತದೆ, ಆಮೇಲೆ ಅದೂ ಕೈಗೆ ಹತ್ತುತ್ತದೆ. ಯಾವುದು ಯಾವುದನ್ನು ಆಳಬೇಕು ಎಂಬ ನಿರ್ಧಾರ ಮಾತ್ರ ಪರದೆಯಿಂದ ಬರುವುದಿಲ್ಲ. ಎಂಟು ಕಮಾನುಗಳ ಮಾದರಿಯಲ್ಲಿ ಬದಿಯ ಸ್ಲೈಡರನ್ನು 300 ಅಡಿಗೆ ಎಳೆದರೆ ಪರದೆ ಮರುಮಾತಿಲ್ಲದೆ ಅದಕ್ಕೆ ತಕ್ಕ ಗುಮ್ಮಟ ತೋರಿಸುತ್ತದೆ. ಅದು ನಿಲ್ಲುವುದೇ ಎಂದು ಕೇಳುವ ಅಭ್ಯಾಸವೇ ಕಲಿಕೆ.

ಆ ಅಭ್ಯಾಸಕ್ಕೆ ಗುಮ್ಮಟವೇ ಬೇಕೆಂದಿಲ್ಲ. ವಿಜಯಪುರ ಜಿಲ್ಲೆಯ ಬಬಲೇಶ್ವರದ ಸುತ್ತಲಿನ ಹಳೆಯ ಮಾಳಿಗೆ ಮನೆಗಳನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಜಂತಿಗೆ ಸಿಗುವ ಕಟ್ಟಿಗೆ ಎಷ್ಟು ಉದ್ದವೋ ಅಂಕಣ ಅಷ್ಟು ಅಗಲ. ಅಂಕಣ ಅಷ್ಟಾದರೆ ಕಂಬಗಳ ಸಾಲು ಎಲ್ಲಿ, ಬೆಳಕಿಂಡಿ ಎಲ್ಲಿ, ಮೇಲುಮುದ್ದೆ ಮಣ್ಣು ಎಷ್ಟು ಎಂಬುದು ತೀರ್ಮಾನವಾದಂತೆ. ಇನ್ನು ತಿಕೋಟಾದ ಕಡೆ ದ್ರಾಕ್ಷಿ ತೋಟಗಳ ನಡುವೆ ನಿಂತ ಮಣೂಕದ (ಒಣದ್ರಾಕ್ಷಿಯ) ಶೆಡ್ಡುಗಳು ಇವತ್ತಿನ ಪಾಠ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಯ ಅಂತಸ್ತುಗಳ ಮೇಲೆ ಹರಡಿ, ಎರಡು ಮೂರು ವಾರ ನೆರಳಿನಲ್ಲಿ ಒಣಗಿಸುತ್ತಾರೆ. ಅಂತಸ್ತು ಹೆಚ್ಚಿದರೆ ಹೆಚ್ಚು ಮಾಲು ಹಿಡಿಸುತ್ತದೆ, ಆದರೆ ನಡುವಿನ ಸಂದು ಕಿರಿದಾಗಿ ಗಾಳಿ ಆಡುವುದಿಲ್ಲ. ಬದಿಗಳನ್ನು ತೆರೆದರೆ ಗಾಳಿ ಬರುತ್ತದೆ, ಬಿಸಿಲೂ ಬರುತ್ತದೆ. ನೇರ ಬಿಸಿಲು ಬಿದ್ದರೆ ಹಸಿರು ಹೋಗಿ ಬಣ್ಣ ಕಂದುತ್ತದೆ, ಬೆಲೆ ಇಳಿಯುತ್ತದೆ. ನೆರಳುಬಲೆ ಇಳಿಬಿಟ್ಟರೆ ಬಿಸಿಲು ತಡೆಯುತ್ತದೆ, ಗಾಳಿಯೂ ಕುಗ್ಗುತ್ತದೆ. ಒಂದಕ್ಕೊಂದು ಜಗಳವಾಡುವ ನಾಲ್ಕೈದು ಅಳತೆಗಳ ನಡುವೆ ರೈತ ಒಂದು ನೆಲೆ ಕಂಡುಕೊಂಡಿದ್ದಾನೆ. ಇದಕ್ಕಿಂತ ಪ್ರಾಮಾಣಿಕವಾದ ಪ್ಯಾರಾಮೆಟ್ರಿಕ್ ಸಮಸ್ಯೆಯನ್ನು ಎರಡನೆಯ ವರ್ಷದ ವಿದ್ಯಾರ್ಥಿಗೆ ಕೊಡಲಾಗದು. ಆದರೂ ಸ್ಟುಡಿಯೋಗಳಲ್ಲಿ ಕೊಡುವ ಕೆಲಸ ಹೆಚ್ಚಾಗಿ ಅಲೆಯಾಕಾರದ ಮಂಟಪ.

ಇದರ ಬೇರು ಅಭಿರುಚಿಗಿಂತ ಆಳದಲ್ಲಿದೆ. ಬರೆದಿಟ್ಟದ್ದು ಮಾತ್ರ ಜ್ಞಾನ, ಕೈಯಲ್ಲಿ ಇದ್ದದ್ದು ಬರೀ ರೂಢಿ ಎಂಬ ಎಣಿಕೆ ಕನ್ನಡದ ವಿದ್ಯಾವಂತರಲ್ಲೂ ಬೇರೂರಿದೆ. ಲಂಡನ್ನಿನ ಕಚೇರಿಯ ಲೆಕ್ಕಕ್ಕೆ ಸಿದ್ಧಾಂತ ಎಂಬ ಹೆಸರು, ಓಳಂಬ ಹಿಡಿದ ಗೌಂಡಿಯ ಲೆಕ್ಕಕ್ಕೆ ಅನುಭವ ಎಂಬ ಹೆಸರು. ವಿಜಯಪುರದ ಇಬ್ರಾಹಿಂ ರೋಜಾದ ಶಾಸನ ಅದನ್ನು ಕಟ್ಟಿಸಿದ ಮಲಿಕ್ ಸಂದಲ್ ಎಂಬಾತನ ಹೆಸರನ್ನು ಉಳಿಸಿದೆ. ಆ ರೋಜಾದ ಸಮಾಧಿ ಕೋಣೆ 40 ಅಡಿ ಚೌಕ. ಅದರ ಕಲ್ಲಿನ ಚಾವಣಿ ಗೋಡೆಗಳಿಂದ ಸುಮಾರು ಹತ್ತಡಿ ಬಾಗಿ ಚಾಚಿ, ನಡುವೆ ಪೂರ್ತಿ ಸಪಾಟಾಗಿ ನಿಂತಿದೆ. ಅಂಥದನ್ನು ಊಹಿಸಿದ ತಲೆಗೆ ಲೆಕ್ಕ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯ. ಇದಕ್ಕೆ ಪ್ರತಿಯಾಗಿ ನಮ್ಮವರಿಗೆ ಮೊದಲೇ ಎಲ್ಲ ಗೊತ್ತಿತ್ತು ಎಂದು ಬೀಗುವವರೂ ಇದ್ದಾರೆ. ಅವರ ಮಾತೂ ಪ್ರಯೋಜನಕ್ಕೆ ಬಾರದು, ಏಕೆಂದರೆ ಅವರೂ ಮೂಲೆಯಲ್ಲಿ ನಿಂತು ಕಮಾನನ್ನು ಅಳೆಯುವುದಿಲ್ಲ. ಅಳೆಯದ ಹೆಮ್ಮೆಯೂ ಅಳೆಯದ ತಾತ್ಸಾರವೂ ವಿದ್ಯಾರ್ಥಿಗೆ ಕೊಡುವುದು ಒಂದೇ: ಏನೂ ಇಲ್ಲ.

ಗೋಳಗುಮ್ಮಟದ ಮೂಲೆಗಳು ಎತ್ತರದಲ್ಲಿವೆ, ಬೆಳಕು ಕಡಿಮೆ, ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಊರೊಳಗೇ ಬಾರಾ ಕಮಾನ್ ಇದೆ. ಎರಡನೆಯ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ ಮೇಲೆ ನಿಂತುಹೋದ ಸಮಾಧಿ ಅದು. ಸುಮಾರು 215 ಅಡಿ ಚೌಕದ, 20 ಅಡಿ ಎತ್ತರದ ಜಗತಿಯ ಮೇಲೆ ಕಪ್ಪು ಕಲ್ಲಿನ ಕಮಾನುಗಳು, ಮೇಲೆ ಚಾವಣಿ ಇಲ್ಲ. ಕಲ್ಲಿನ ಜೋಡಣೆ, ವರಸೆಯ ಬಾಗು, ಕಮಾನು ಎಲ್ಲಿ ಹುಟ್ಟಿ ಎಲ್ಲಿ ನಿಂತಿತು ಎಂಬುದೆಲ್ಲ ಹಗಲು ಬೆಳಕಿನಲ್ಲಿ ತೆರೆದುಕೊಂಡಿದೆ. ಪ್ಯಾರಾಮೆಟ್ರಿಕ್ ವಿನ್ಯಾಸ ಕಲಿಸುವ ಗುರುಗಳು ತಮ್ಮ ವಿದ್ಯಾರ್ಥಿಗಳನ್ನು ಲ್ಯಾಬಿಗೆ ಕರೆದೊಯ್ಯುವ ಮೊದಲು ಒಂದು ಟೇಪು, ಒಂದು ಓಳಂಬ, ಒಂದು ನೋಟ್‌ಬುಕ್ ಕೊಟ್ಟು ಅಲ್ಲಿಗೆ ಕಳಿಸಬೇಕು.